ಎರೆನೆಲದಲ್ಲಿ ಹಸಿರು ಬೇಲಿ

ನಮ್ಮ ಎರೆಭೂಮಿಯ ಸೀಮೆಯಲ್ಲಿ ಬೇಲಿಯೆಂಬುದು ಎಂದೂ ಶೋಭೆಗಾಗಿ ಹುಟ್ಟಿದ ವಸ್ತುವಲ್ಲ. ತೊಗರಿಯೂ ಬಿಳಿಜೋಳವೂ ಬೆಳೆಯುವ ಕಲಬುರಗಿಯ ಸುತ್ತಣ ಹೊಲಗಳಲ್ಲಿ ಒಬ್ಬನ ನೆಲ ಎಲ್ಲಿ ಮುಗಿದು ಮತ್ತೊಬ್ಬನದು ಎಲ್ಲಿ ತೊಡಗುವುದೆಂಬುದನ್ನು ಸಾರಿ ಹೇಳುವುದಕ್ಕೆ ಒಂದು ಬದುವೋ, ಬದುವಿನ ಕೊನೆಗೊಂದು ಬಾಂದುಕಲ್ಲೋ ಸಾಕಾಗಿತ್ತು. ಅದಕ್ಕಿಂತ ಹೆಚ್ಚಿನ ಕಾವಲು ಬೇಕಾದದ್ದು ಬಾವಿಯ ಪಕ್ಕದ ಕಾಯಿಪಲ್ಯದ ಮಡಿಗಳಿಗೂ ಮನೆಯ ಹಿತ್ತಲಿಗೂ ಮಾತ್ರ. ಅಲ್ಲಿಯೂ ಬಾರಿಕಂಟಿಯನ್ನೋ ಜಾಲಿಯ ಟೊಂಗೆಗಳನ್ನೋ ಕಡಿದು ತಂದು, ತೊಗರಿ ಕಟ್ಟಿಗೆಯ ತಟ್ಟಿಗಳನ್ನು ನಡುನಡುವೆ ನಿಲ್ಲಿಸಿ, ಒಂದು ಸಾಲು ಒಡ್ಡಿಬಿಟ್ಟರೆ ಆ ವರ್ಷದ ಚಿಂತೆ ತೀರಿತು. ಬೇಸಗೆ ಬಂದಾಗ ಅದೇ ಬೇಲಿ ಒಲೆಗೆ ಸೌದೆಯಾಗುತ್ತಿತ್ತು. ಸತ್ತ ಕಟ್ಟಿಗೆಯ ಬೇಲಿಗೆ ಕತ್ತರಿಯ ಅಗತ್ಯವಿಲ್ಲ. ಜೀವಂತವಾದ, ಎಲೆ ತುಂಬಿದ, ಎದೆಯೆತ್ತರಕ್ಕೆ ಸಮನಾಗಿ ನಿಲ್ಲಬೇಕಾದ ಬೇಲಿಯೊಂದನ್ನು ವರ್ಷಾನುವರ್ಷ ಸವರಿ ಸಾಕಬೇಕೆಂಬ ಆಸೆ ಈ ಸೀಮೆಗೆ ತಡವಾಗಿಯೇ ಬಂದಿತು, ಮತ್ತು ಬಂದದ್ದು ಹೊಲದ ಹಾದಿಯಿಂದಲ್ಲ, ಬಂಗಲೆಯ ಹಾದಿಯಿಂದ.

ಈಗ ಆ ಆಸೆ ಶರಣಸಿರಸಗಿಯವರೆಗೂ ಬಂದು ತಲುಪಿದೆ. ಕಲಬುರಗಿ ನಗರವು ವರ್ಷದಿಂದ ವರ್ಷಕ್ಕೆ ತನ್ನ ಕಡೆಗೆ ಸೆಳೆದುಕೊಳ್ಳುತ್ತಿರುವ ಹಳ್ಳಿಗಳಲ್ಲಿ ಅದೂ ಒಂದಾದುದರಿಂದ, ನಿನ್ನೆಯವರೆಗೆ ತೊಗರಿ ಬಿತ್ತುತ್ತಿದ್ದ ಎರೆಯಲ್ಲಿ ಇಂದು ನಿವೇಶನದ ಗೂಟಗಳು ನಿಂತಿವೆ. ಮನೆ ಕಟ್ಟಿದವರು ಶಹಾಬಾದಿ ಪರಸಿಯನ್ನು ನಿಲ್ಲಿಸಿ ಆವರಣ ಮಾಡಿಕೊಳ್ಳುತ್ತಾರೆ. ಆ ಕಲ್ಲು ವೈಶಾಖದ ಬಿಸಿಲಿಗೆ ಕಾದು ದೀಪ ಹಚ್ಚುವ ಹೊತ್ತಾದರೂ ಕಾವನ್ನು ಉಗುಳುತ್ತಿರುವುದನ್ನು ಒಂದು ಬೇಸಗೆ ಅನುಭವಿಸಿದ ಮೇಲೆ, ಕಲ್ಲಿನ ಒಳಮಗ್ಗುಲಿಗೆ ಒಂದು ಹಸಿರು ಸಾಲು ಇದ್ದರೆ ಒಳಿತೆಂಬ ತೀರ್ಮಾನಕ್ಕೆ ಬರುತ್ತಾರೆ. ತೀರ್ಮಾನದಲ್ಲಿ ತಪ್ಪೇನೂ ಇಲ್ಲ. ತಪ್ಪು ನಡೆಯುವುದು ಸಸಿ ಕೊಳ್ಳುವ ಹೊತ್ತಿನಲ್ಲಿ.

ನರ್ಸರಿಯ ಬಲೆನೆರಳಿನಲ್ಲಿ ನಿಂತವನ ಕಣ್ಣು ಸಹಜವಾಗಿ ಎತ್ತರದ ಗಿಡದ ಮೇಲೆ ಬೀಳುತ್ತದೆ. ಕರಿಯ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕಡಿ ಬೆಳೆದು, ತುದಿಯಲ್ಲಿ ಮಾತ್ರ ಒಂದು ಹಿಡಿ ಹೊನ್ನಬಣ್ಣದ ಎಲೆಯನ್ನು ಹೊತ್ತು, ಬುಡದಲ್ಲಿ ಬರಿಯ ಕಡ್ಡಿಯಾಗಿ ನಿಂತ ಡ್ಯುರಾಂಟ ಗಿಡವನ್ನು ಹೆಚ್ಚು ಬೆಲೆ ಕೊಟ್ಟು ತರುತ್ತಾನೆ. ಪಕ್ಕದಲ್ಲಿಯೇ ಒಂದು ಗೇಣು ಎತ್ತರದ, ನೆಲದಿಂದಲೇ ಕವಲೊಡೆದ ಸಸಿ ಅರ್ಧ ಬೆಲೆಗೆ ಇದ್ದರೂ ಅದು ಅವನಿಗೆ ಕಾಣುವುದಿಲ್ಲ. ತಂದು ನೆಟ್ಟ ಮೇಲೆ, ಹಣ ಕೊಟ್ಟು ಕೊಂಡ ಎತ್ತರವನ್ನು ಮೊದಲ ದಿನವೇ ಕತ್ತರಿಸಿ ಒಗೆಯುವುದಕ್ಕೆ ಯಾವ ಗೃಹಸ್ಥನ ಕೈಯೂ ಏಳುವುದಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಬೇಲಿಯ ತಲೆ ಕೊಡೆಯಾಗಿ ಹರಡಿ, ಕೆಳಗೆ ನಾಯಿಯೂ ಕೋಳಿಯೂ ಧಾರಾಳವಾಗಿ ಓಡಾಡುವಷ್ಟು ಬಯಲಾಗಿರುತ್ತದೆ. ನಗರದ ಬಂಗಲೆಗಳಲ್ಲಿ ಕೆಲಸ ಮಾಡಿ, ಈಗ ಈ ಕಡೆಯ ಹೊಸ ಮನೆಗಳಿಗೆ ಸೈಕಲ್ಲಿನ ಮೇಲೆ ಬಂದುಹೋಗುವ ಮುದುಕ ಮಾಲಿಯೊಬ್ಬರು ಅಂತಹ ಒಂದು ಬೇಲಿಯ ಮುಂದೆ ನಿಂತು ಹೇಳಿದ ಮಾತು ಇದು: "ತೆಲಿ ನೋಡಿ ತಗೊಂಡಾರ್ರಿ, ಬುಡ ನೋಡಿಲ್ಲ. ಬ್ಯಾಲಿ ಅಂದ್ರ ಬುಡಾರಿ."

ಬೇಲಿಯ ಶಾಸ್ತ್ರದ ಬಹುಪಾಲು ಆ ಮಾತಿನಲ್ಲಿ ಅಡಗಿದೆ. ಎಲೆ ಬದುಕುವುದು ಬೆಳಕಿನಿಂದ. ಬೆಳಕು ಸಾಲದ ಎಲೆಯನ್ನು ಗಿಡ ತಾನಾಗಿಯೇ ಉದುರಿಸಿಬಿಡುತ್ತದೆ. ಬೇಲಿಯ ತಲೆ ಬುಡಕ್ಕಿಂತ ಅಗಲವಾಯಿತೆಂದರೆ, ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಕುಳಿತವರೇ ಹೋಳಿಗೆಯನ್ನೆಲ್ಲ ತೀರಿಸಿ ಎದ್ದರೆ ಕಡೆಯ ಪಂಕ್ತಿಯವರ ಗತಿ ಏನಾದೀತೋ ಕೆಳಗಿನ ಎಲೆಗಳ ಗತಿಯೂ ಅದೇ ಆಗುತ್ತದೆ. ಆದುದರಿಂದ ಬೇಲಿಯ ಎರಡು ಮುಖಗಳೂ ನೆಟ್ಟಗೆ ಗೋಡೆಯಂತೆ ನಿಲ್ಲದೆ, ಬುಡದಲ್ಲಿ ತುಸು ಹೊರಚಾಚಿ, ಮೇಲೇರಿದಂತೆ ಒಳಕ್ಕೆ ಸರಿಯುತ್ತ ಹೋಗಬೇಕು. ಬುಡದಲ್ಲಿ ಎರಡಡಿ ಅಗಲವಿದ್ದರೆ ತಲೆಯಲ್ಲಿ ಒಂದೂಕಾಲು ಅಡಿ ಸಾಕು. ನೋಡುವವನ ಕಣ್ಣಿಗೆ ಈ ಓರೆ ಗೊತ್ತಾಗುವುದೂ ಇಲ್ಲ. ಆದರೆ ನೆಲದ ಮಗ್ಗುಲಿನ ಎಲೆಗೆ ಬೆಳಗಿನ ಎಂಟು ಗಂಟೆಯ ಬಿಸಿಲು ತಾಗುತ್ತದೆಯೋ ಇಲ್ಲವೋ ಎಂಬುದು ಅದರಿಂದಲೇ ನಿರ್ಣಯವಾಗುತ್ತದೆ.

ಕತ್ತರಿಸಿದರೆ ಗಿಡ ದಟ್ಟವಾಗುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಶರಣಸಿರಸಗಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಏಕೆಂದರೆ ಅವನು ತೊಗರಿಯಲ್ಲಿ ಅದನ್ನು ಮಾಡಿಯೇ ನೋಡಿದ್ದಾನೆ. ಬಿತ್ತಿ ಏಳೆಂಟು ವಾರಗಳಾದ ತೊಗರಿಯ ಕುಡಿಯನ್ನು ಚಿವುಟಿದರೆ ಗಿಡ ಮೇಲಕ್ಕೆ ಓಡುವುದನ್ನು ಬಿಟ್ಟು ಮಗ್ಗುಲಿಗೆ ಕವಲೊಡೆಯುತ್ತದೆ, ಕವಲು ಹೆಚ್ಚಿದಷ್ಟೂ ಹೂವೂ ಕಾಯಿಯೂ ಹೆಚ್ಚುತ್ತವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಈ ಪದ್ಧತಿಯನ್ನು ಹೇಳಿ ಪ್ರಚಾರ ಮಾಡಿದುದರಿಂದ ಕೈಯಲ್ಲಿ ಚಿವುಟುತ್ತಿದ್ದುದು ಹೋಗಿ, ಈಗ ಬ್ಯಾಟರಿಯಿಂದ ನಡೆಯುವ ಚಿಕ್ಕ ಯಂತ್ರವೇ ಬಂದಿದೆ. ಶ್ರಾವಣದ ಹೊಲಗಳಲ್ಲಿ ಅದರ ಗುಂಯ್ ಎಂಬ ಸದ್ದು ಕೇಳಿಬರುತ್ತದೆ. ಇದರ ಒಳಗಿನ ಕಾರಣವನ್ನು ತೋರಿಸಿಕೊಟ್ಟವರು ಕೆನೆತ್ ಥೀಮನ್ ಮತ್ತು ಫೋಕೆ ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು. 1930ರ ದಶಕದ ಮೊದಲ ವರ್ಷಗಳಲ್ಲಿ ಅವರು ಅವರೆಯ ಸಂಬಂಧಿಯಾದ ಒಂದು ಗಿಡದ ತುದಿಯನ್ನು ಕತ್ತರಿಸಿದರು. ಎಲೆಯ ಕಂಕುಳಲ್ಲಿ ಮಲಗಿದ್ದ ಮೊಗ್ಗುಗಳೆಲ್ಲ ಎದ್ದವು. ಇನ್ನೊಂದು ಗಿಡದ ತುದಿಯನ್ನು ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಎಂಬ ಸಸ್ಯರಸವನ್ನು ಲೇಪಿಸಿದರು, ಮೊಗ್ಗುಗಳು ಏಳಲಿಲ್ಲ. ತುದಿಯ ಕುಡಿಯಲ್ಲಿ ಹುಟ್ಟಿ ಕೆಳಕ್ಕೆ ಹರಿಯುವ ಆ ರಸವೇ ಕೆಳಗಿನ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ ಎಂಬುದು ಹೀಗೆ ಸ್ಥಿರಪಟ್ಟಿತು. ಹೊಲದಲ್ಲಿ ಈ ತತ್ತ್ವವನ್ನು ಹಿಂಜರಿಯದೆ ನಡೆಸುವ ಮನುಷ್ಯನೇ ತನ್ನ ಮನೆಯ ಮುಂದಿನ ಬೇಲಿಯ ಕುಡಿ ಚಿವುಟುವುದಕ್ಕೆ ಅಳುಕುವುದು ನನಗೆ ಸೋಜಿಗವಾಗಿ ತೋರಿದೆ.

ನಮ್ಮ ಪೂರ್ವಿಕರ ವೃಕ್ಷಾಯುರ್ವೇದದಲ್ಲಿ ಬೇಲಿಗೆ ಮಾರ್ಗದರ್ಶನ ಹುಡುಕಹೋದವನಿಗೆ ಒಂದು ವಿಚಿತ್ರವಾದ ವಿರೋಧ ಎದುರಾಗುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಮರದಿಂದ ಮರಕ್ಕೆ 20 ಮೊಳದ ಅಂತರ ಉತ್ತಮ, 16 ಮಧ್ಯಮ, 12 ಅಧಮ ಎಂದು ವಿಧಿಸಿ, ಒಂದನ್ನೊಂದು ತಾಗಿಕೊಂಡು ಬೇರುಗಳು ಹೆಣೆದುಕೊಂಡ ಮರಗಳು ಪೀಡೆಗೊಳಗಾಗಿ ಸರಿಯಾಗಿ ಫಲ ಕೊಡುವುದಿಲ್ಲವೆಂದು ಎಚ್ಚರಿಸುತ್ತಾನೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿಯೇ ಬರೆದ ಲೋಕೋಪಕಾರದಲ್ಲಿಯೂ ಗಿಡಮರಗಳ ಆರೈಕೆಗೆ ಒಂದು ಪ್ರಕರಣ ಮೀಸಲಾಗಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅರಸರ ವನವಿಹಾರವನ್ನು ವರ್ಣಿಸುವಾಗ ಈ ಶಾಸ್ತ್ರವನ್ನು ಬಿಟ್ಟಿಲ್ಲ. ನಮ್ಮ ಈ ಸೀಮೆಯನ್ನೇ ಆಳಿದವರ ಆಸ್ಥಾನದಲ್ಲಿ ಇಷ್ಟೆಲ್ಲ ವಿಚಾರ ನಡೆದಿತ್ತೆಂಬುದು ಹೆಮ್ಮೆಯ ಮಾತು. ಆದರೆ ಅವರ ದೃಷ್ಟಿ ಫಲದ ಮೇಲೆ, ನೆರಳಿನ ಮೇಲೆ. ಬೇಲಿಯಲ್ಲಿ ನಾವು ಬಯಸುವುದು ವರಾಹಮಿಹಿರನು ಬೇಡವೆಂದ ಆ ಇಕ್ಕಟ್ಟನ್ನೇ: ಗೇಣಿಗೊಂದು ಗಿಡ, ಬೇರಿಗೆ ಬೇರು ಹೆಣೆದು, ಟೊಂಗೆಗೆ ಟೊಂಗೆ ಸಿಕ್ಕಿಕೊಂಡು, ಯಾವುದೂ ತನ್ನ ಪೂರ್ಣ ಆಕಾರಕ್ಕೆ ಬೆಳೆಯದಂತೆ ಹಿಡಿದಿಡುವುದು. ಬೇಲಿಯ ಗಿಡ ಒಂದು ಅರ್ಥದಲ್ಲಿ ಶಾಶ್ವತವಾದ ಪೀಡೆಯಲ್ಲಿ ಬದುಕುವ ಗಿಡ. ಅದಕ್ಕೆ ನೀರು ಗೊಬ್ಬರಗಳ ಉಪಚಾರ ಬಿಡಿಗಿಡಕ್ಕಿಂತ ಹೆಚ್ಚಾಗಿ ಬೇಕಾಗುವುದು ಈ ಕಾರಣದಿಂದಲೇ. ಪ್ರತಿ ಸವರಣೆಯಲ್ಲಿಯೂ ನಾವು ಅದರ ಅಡುಗೆಯ ಮನೆಯ ಒಂದು ಭಾಗವನ್ನು ಕಿತ್ತುಕೊಳ್ಳುತ್ತೇವೆಂಬುದನ್ನು ಮರೆತು, ಕತ್ತರಿ ಆಡಿಸಿದ ದಿನ ಒಂದು ಬುಟ್ಟಿ ಹಟ್ಟಿಗೊಬ್ಬರವನ್ನೂ ಕಾಣಿಸದ ಮನೆಗಳೇ ಹೆಚ್ಚು.

ಎರೆಯಲ್ಲಿ ಬೇಲಿ ಎಬ್ಬಿಸುವ ಕ್ರಮ ಕೆಂಪುಮಣ್ಣಿನ ಕ್ರಮವಲ್ಲ. ಈ ಮಣ್ಣು ಮಳೆಯಲ್ಲಿ ಉಬ್ಬಿ ಅಂಟಾಗುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು, ಬಿರುಕಿಗೆ ಅಡ್ಡ ಸಿಕ್ಕ ಎಳೆಬೇರನ್ನು ಹರಿದುಹಾಕುತ್ತದೆ. ಆದ್ದರಿಂದ ಒಂದೂವರೆ ಅಡಿ ಆಳದ ಸಾಲನ್ನು ತೋಡಿ, ತೋಡಿದ ಎರೆಗೆ ಮರಳನ್ನೂ ಮಾಗಿದ ಗೊಬ್ಬರವನ್ನೂ ಬೆರಸಿ, ಸಾಲನ್ನು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಏರಿಸಿ, ಮೃಗಶಿರ ಮಳೆ ಬಿದ್ದು ನೆಲ ನೆನೆದ ಮೇಲೆ ಎರಡು ಸಾಲಾಗಿ ನೆಡಬೇಕು, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಎರಡು ಗಿಡಗಳ ನಡುವಣ ಸಂದಿಗೆ ಎದುರಾಗುವಂತೆ. ಬೇರು ಹಿಡಿದು ಹೊಸ ಕುಡಿ ಕಂಡೊಡನೆಯೆ ನೆಲದಿಂದ ಗೇಣೆತ್ತರಕ್ಕೆ ಎಲ್ಲವನ್ನೂ ಸವರಿಬಿಡಬೇಕು. ಇದು ಮೊದಲ ಕೊಯ್ತ, ಮತ್ತು ಮನಸ್ಸಿಗೆ ಅತ್ಯಂತ ಕಷ್ಟವಾದ ಕೊಯ್ತ. ಆಮೇಲೆ ಕುಡಿ ಒಂದು ಗೇಣು ಬೆಳೆದಾಗಲೆಲ್ಲ ಅರ್ಧವನ್ನು ತೆಗೆದು ಅರ್ಧವನ್ನು ಬಿಡುತ್ತ, ಮೂರು ವರ್ಷಕ್ಕೆ ಎದೆಯೆತ್ತರ ತಲುಪುವಂತೆ ನಡೆಸಿಕೊಂಡು ಹೋದರೆ ಆ ಬೇಲಿಯ ಒಳಗೆ ಕೈ ತೂರುವುದಿಲ್ಲ. ಒಂದೇ ವರ್ಷದಲ್ಲಿ ಎದೆಯೆತ್ತರ ಏರಿಸಿದ ಬೇಲಿಯ ಒಳಗೆ ಕರು ತೂರುತ್ತದೆ.

ಯಾವ ಗಿಡ ಎಂಬ ಪ್ರಶ್ನೆಯಲ್ಲಿ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಬೆಂಗಳೂರಿನ ಲಾಲ್‌ಬಾಗನ್ನೂ ಕಬ್ಬನ್ ಪಾರ್ಕನ್ನೂ ನೋಡಿ ಬಂದವರು ಅಲ್ಲಿನ ಇಕ್ಸೋರ ಬೇಲಿಯನ್ನು, ಅಂದರೆ ನಮ್ಮ ಕೇಪಳದ ನಂಟಿನ ಆ ಕೆಂಪು ಹೂವಿನ ಗಿಡವನ್ನು, ಇಲ್ಲಿ ನೆಡಬಯಸುತ್ತಾರೆ. ಮೂರು ಸಾವಿರ ಅಡಿ ಎತ್ತರದ ತಂಪಿನಲ್ಲಿ, ಹುಳಿಯ ಅಂಶವುಳ್ಳ ಕೆಂಪುಮಣ್ಣಿನಲ್ಲಿ ನಳನಳಿಸುವ ಆ ಗಿಡ ಅದರರ್ಧ ಎತ್ತರದ, ಸುಣ್ಣಗರಸಿನ ನಮ್ಮ ನೆಲಕ್ಕೆ ಬಂದರೆ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲಾರದೆ, ನರ ಮಾತ್ರ ಹಸಿರಾಗಿ ಉಳಿದು ಎಲೆಯೆಲ್ಲ ಹಳದಿಯಾಗಿ ನರಳುತ್ತದೆ. ಅದರ ಬದಲು ಮೆಹಂದಿಯನ್ನು ನೋಡಿರಿ. ಬರವನ್ನು ತಾಳುತ್ತದೆ, ಸುಣ್ಣವನ್ನು ತಾಳುತ್ತದೆ, ಎಷ್ಟು ಸವರಿದರೂ ಮುನಿಯುವುದಿಲ್ಲ. ಬಲಿತ ಟೊಂಗೆಯ ತುದಿ ಮುಳ್ಳಾಗಿ ಕಾವಲನ್ನೂ ಕೊಡುತ್ತದೆ. ಸವರಿದ ಎಲೆಯನ್ನು ಪರಸಿಯ ಮೇಲೆ ನೆರಳಲ್ಲಿ ಒಣಗಿಸಿ, ಕುಟ್ಟಿ, ವಸ್ತ್ರಗಾಳಿಸಿದರೆ ಪಂಚಮಿಯ ಹುಡುಗಿಯರ ಕೈಗೂ ರಂಜಾನಿನ ಹಬ್ಬದ ಮನೆಗಳ ಕೈಗೂ ಬಣ್ಣವಾಗುತ್ತದೆ. ಹೊಸ ಕುಡಿಯ ತುದಿಯಲ್ಲಿ ಹೂವಾಗುವುದರಿಂದ, ಒಂದು ಮಗ್ಗುಲನ್ನು ಸವರದೆ ಬಿಟ್ಟವನಿಗೆ ಸಂಜೆಯ ಪರಿಮಳ ಹೆಚ್ಚಿನ ಲಾಭ. ಲಕ್ಕಿಯನ್ನು ಆಡು ಮುಟ್ಟುವುದಿಲ್ಲ, ಬಂದರಿಕೆಯನ್ನೂ ಅಷ್ಟಾಗಿ ಮುಟ್ಟುವುದಿಲ್ಲ. ಬಂದರಿಕೆಯಂತೂ ಕಲ್ಲುನೆಲದ ಮಡ್ಡಿಗಳಲ್ಲಿ ತಾನಾಗಿಯೇ ಬೆಳೆಯತಕ್ಕದ್ದು. ಅದನ್ನು ತಂದು ಸಾಲಾಗಿ ನೆಟ್ಟು ಸವರಿದರೆ ಎಷ್ಟು ಮಟ್ಟಸವಾದ ಬೇಲಿಯಾಗುತ್ತದೆಂಬುದನ್ನು ಪರೀಕ್ಷಿಸಿ ನೋಡಿದವರು ಕಡಮೆ, ಏಕೆಂದರೆ ಬಿಟ್ಟಿ ಸಿಕ್ಕುವ ಗಿಡಕ್ಕೆ ಮರ್ಯಾದೆ ಕಡಮೆ. ಡ್ಯುರಾಂಟವೂ ತಾಳುವ ಗಿಡವೇ. ಆದರೆ ಅದರ ಹೊನ್ನಬಣ್ಣ ಬಿಸಿಲಿನಲ್ಲಿ ಮಾತ್ರ ಉಳಿದು ನೆರಳಿನಲ್ಲಿ ಹಸಿರಿಗೆ ತಿರುಗುತ್ತದೆ, ಮತ್ತು ಅದರ ಕಿತ್ತಳೆಬಣ್ಣದ ಚಿಕ್ಕ ಹಣ್ಣು ವಿಷಯುಕ್ತವಾದುದರಿಂದ ಮಕ್ಕಳಿರುವ ಮನೆಯವರು ಹೂವಿಗೆ ಬಿಡದೆ ಸವರುತ್ತಿರುವುದು ಕ್ಷೇಮ. ಮೋರಪಂಖಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ಹಸಿರೆಲೆಯ ಪದರವನ್ನು ದಾಟಿ ಒಳಗಿನ ಒಣಕಟ್ಟಿಗೆಯವರೆಗೆ ಕತ್ತರಿ ಹೋಯಿತೆಂದರೆ ಆ ಜಾಗ ಮತ್ತೆ ಚಿಗುರುವುದೇ ಇಲ್ಲ, ಬೋಳಾದದ್ದು ಬೋಳೇ.

ಮುಳ್ಳಿನ ಬೇಲಿಗಳ ಚರಿತ್ರೆ ಇದಕ್ಕಿಂತ ದೊಡ್ಡದು, ಮತ್ತು ಅಷ್ಟೇನೂ ಹಿತಕರವಾದುದಲ್ಲ. ನಮ್ಮ ಊರುಗಳ ಅಂಚಿನಲ್ಲಿ ಒಂದು ಕಾಲಕ್ಕೆ ಕೋಟೆಯಂತೆ ಹಬ್ಬಿದ್ದ ಡಬ್ಬಗಳ್ಳಿ ಅಮೆರಿಕ ಖಂಡದಿಂದ ಬಂದ ಗಿಡ. ಅದನ್ನು ತಿಂದು ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕಿ ಲಾಭ ಮಾಡಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರು 1795ರಲ್ಲಿ ಬ್ರೆಜಿಲಿನಿಂದ ತರಿಸಿದ ಹುಳು ಬಣ್ಣದ ಹುಳುವಾಗಿರದೆ ಅದರ ದಾಯಾದಿಯಾಗಿತ್ತು; ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯ ಒಂದು ಜಾತಿಯನ್ನು ತಿಂದು ಮುಗಿಸಿತು. ಉಳಿದ ಜಾತಿಯನ್ನು 1926ರಲ್ಲಿ ಬೇಕೆಂದೇ ತಂದುಬಿಟ್ಟ ಇನ್ನೊಂದು ಹುಳು ಕೆಲವೇ ವರ್ಷಗಳಲ್ಲಿ ದಕ್ಷಿಣದ ಬಹುಭಾಗದಿಂದ ಒರಸಿಹಾಕಿತು. ಕಳ್ಳಿ ಹೋದ ತೆರವಿಗೆ ಬಂದದ್ದು ಬಳ್ಳಾರಿ ಜಾಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರಣ್ಯ ಇಲಾಖೆಯವರು ಕಡಪದ ಸೀಮೆಯಲ್ಲಿ ಅಂಕುರಾರ್ಪಣ ಮಾಡಿದ ಈ ಮರ ಉರುವಲಿಗೆ ಬಂತು, ಬೇಲಿಗೆ ಬಂತು, ಆಡುಗಳು ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಹೊಲದೊಳಕ್ಕೆ ಬಿತ್ತಿದವು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಯನ್ನು ನಾವು ಅಧಿಕಾರಿಗಳ ಮೇಲೆ ಪ್ರಯೋಗಿಸುತ್ತ ಬಂದಿದ್ದೇವೆ. ಈ ಜಾಲಿ ಅದನ್ನು ಅಕ್ಷರಶಃ ನಡೆಸಿ ತೋರಿಸಿತು. ವರ್ಷಕ್ಕೊಮ್ಮೆ ಕಾಯಿ ಕಟ್ಟುವ ಮುನ್ನ ಕಡಿದು ಹದದಲ್ಲಿಟ್ಟುಕೊಂಡವನ ಬದುವಿನಲ್ಲಿ ಅದು ಬೇಲಿಯಾಗಿಯೇ ಉಳಿದಿದೆ. ಒಂದೆರಡು ವರ್ಷ ಕೊಡಲಿ ತಪ್ಪಿಸಿದವನ ಹೊಲಕ್ಕೆ ಈಗ ಜೆಸಿಬಿ ತರಿಸಬೇಕಾಗಿದೆ.

ಜನರನ್ನೇ ತಡೆಯುವುದಕ್ಕೆ ಬೆಳೆಸಿದ ಬೇಲಿಯೊಂದು ಈ ದೇಶದಲ್ಲಿತ್ತು. ಉತ್ತರದಲ್ಲಿ ಸಿಂಧೂನದಿಯಿಂದ ತೊಡಗಿ ಮಹಾನದಿಯ ಕಡೆಗೆ 2,300 ಮೈಲಿ ಚಾಚಿದ್ದ ಉಪ್ಪಿನ ಸುಂಕದ ಗಡಿಯಲ್ಲಿ, ಸುಂಕ ತೆರದ ಉಪ್ಪು ನುಸುಳದಂತೆ, ಬ್ರಿಟಿಷ್ ಸರ್ಕಾರ ನೂರಾರು ಮೈಲಿ ಜೀವಂತ ಮುಳ್ಳುಬೇಲಿಯನ್ನು ಬೆಳೆಸಿ ಸುಮಾರು 12,000 ಮಂದಿ ಕಾವಲಿನವರನ್ನು ಇಟ್ಟಿತ್ತು. ಹತ್ತು ಹದಿನಾಲ್ಕು ಅಡಿ ಎತ್ತರದ ಆ ಬೇಲಿಯಲ್ಲಿ ನೆಟ್ಟಿದ್ದ ಗಿಡಗಳೆಲ್ಲ ನಮಗೆ ಪರಿಚಿತವೇ: ಬಾರಿ, ಜಾಲಿ, ಕವಳಿ, ಕಳ್ಳಿ. 1867ರಿಂದ ಮೂರು ವರ್ಷ ಅದರ ಮೇಲ್ವಿಚಾರಣೆ ನಡೆಸಿ ಬೇಲಿಯನ್ನು ಬಲಪಡಿಸಿದಾತ ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಅದೇ ಮಹಾಶಯ. 1879ರಲ್ಲಿ ಸುಂಕದ ಗಡಿಯನ್ನು ರದ್ದುಮಾಡಿದ ಮೇಲೆ ಯಾರೂ ನೀರೆರೆಯದ, ಯಾರೂ ಸವರದ ಬೇಲಿ ಎಷ್ಟು ಬೇಗ ಮಾಯವಾಯಿತೆಂದರೆ, ನೂರು ವರ್ಷದೊಳಗೆ ಅಂತಹದೊಂದು ಇತ್ತೆಂಬ ನೆನಪೂ ಜನರಲ್ಲಿ ಉಳಿಯಲಿಲ್ಲ.

ಆಕಾರಗಳ ವಿಷಯಕ್ಕೆ ಬರೋಣ. ಹಸಿರನ್ನು ಕತ್ತರಿಸಿ ರೂಪ ಕೊಡುವ ಕಲೆಯನ್ನು ಮೊದಲು ತಂದವನು ಚಕ್ರವರ್ತಿ ಅಗಸ್ಟಸನ ಗೆಳೆಯನಾದ ಗಾಯಸ್ ಮೇಟಿಯಸ್ ಎಂದು ರೋಮಿನ ಹಿರಿಯ ಪ್ಲಿನಿ ಬರೆದಿದ್ದಾನೆ. ಅವನ ಸೋದರಳಿಯ ಕಿರಿಯ ಪ್ಲಿನಿಯ ತೋಟದಲ್ಲಿ ಯಜಮಾನನ ಹೆಸರಿನ ಅಕ್ಷರಗಳನ್ನೇ ಗಿಡದಲ್ಲಿ ಕತ್ತರಿಸಿ ನಿಲ್ಲಿಸಿದ್ದರಂತೆ. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಈ ಗೀಳು ಎಲ್ಲೆ ಮೀರಿದಾಗ 1712ರಲ್ಲಿ ಅಡಿಸನ್ನನೂ ಮರುವರ್ಷ ಪೋಪ್ ಕವಿಯೂ ಪತ್ರಿಕೆಗಳಲ್ಲಿ ಅದನ್ನು ಚೆನ್ನಾಗಿ ಹಾಸ್ಯಮಾಡಿದರು, ಫ್ಯಾಷನ್ನು ಇಳಿಯಿತು. ನಮ್ಮ ಕಡೆಗೆ ಅದು ಹರಿದುಬಂದದ್ದು ಎರಡು ಕಾಲುವೆಗಳಲ್ಲಿ. ಮುಂಬಯಿ–ಮದ್ರಾಸ್ ರೈಲಿನ ದಾರಿಯಲ್ಲಿರುವ ಕಲಬುರಗಿಯ ಜನಕ್ಕೆ ಮುಂಬಯಿ ಎಂದೂ ದೂರದ ಊರಲ್ಲ. ಅಲ್ಲಿ ಮಲಬಾರ್ ಹಿಲ್ಲಿನ ಮೇಲೆ 1881ರಲ್ಲಿ ಆದ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳ ಮುಂದೆ ಫೋಟೊ ತೆಗೆಸಿಕೊಳ್ಳದೆ ಹಿಂದಿರುಗಿದ ಸಂಸಾರ ವಿರಳ. ಇನ್ನೊಂದು, ಕನ್ನಂಬಾಡಿಯ ಬೃಂದಾವನ. ದಿವಾನ್ ಮಿರ್ಜಾ ಇಸ್ಮಾಯಿಲರು ಕಾಶ್ಮೀರದ ಶಾಲಿಮಾರನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ರುಂಬಿಗಲ್ ಸಾಹೇಬರ ಉದ್ಯಾನಕೌಶಲವನ್ನು ಬಳಸಿಕೊಂಡು 1927ರಲ್ಲಿ ಆರಂಭಿಸಿ 1932ಕ್ಕೆ ಮುಗಿಸಿದ ಆ ತೋಟದ ಅಂಚುಗಟ್ಟಿದ ಬೇಲಿಗಳನ್ನು ಸಿನಿಮಾದ ಹಾಡುಗಳು ಮನೆಮನೆಗೂ ತಂದುಕೊಟ್ಟವು.

ಬೃಂದಾವನದ ಬೇಲಿಗೆ ನನ್ನ ತಕರಾರಿಲ್ಲ. ಅಲ್ಲಿ ಬೇಲಿ ನೀರಿನ ಕಾಲುವೆಗೆ ಅಂಚು, ನಡೆಯುವವನಿಗೆ ದಾರಿ, ಆಕಾರಕ್ಕೊಂದು ಕೆಲಸವಿದೆ. ಮನೆಯ ಮುಂದಿನ ಆರಡಿಯ ಅಂಗಳದಲ್ಲಿ ತಂತಿಯ ಚೌಕಟ್ಟಿನೊಳಗೆ ಬೆಳೆದು ನವಿಲಾಗಲು ಹೊರಟು, ಮೂರು ತಿಂಗಳು ಕತ್ತರಿ ತಪ್ಪಿದೊಡನೆ ಯಾವ ಪ್ರಾಣಿಯೆಂದು ಹೇಳಲಾಗದ ಸ್ಥಿತಿಗೆ ಬಂದು ನಿಂತ ಗಿಡವನ್ನು ನೋಡುವಾಗ ಮಾತ್ರ, ನೆಟ್ಟಗೆ ಒಂದು ಸಾಲು ಸವರುವುದನ್ನು ಕಲಿತ ಮೇಲೆ ನವಿಲಿಗೆ ಕೈಹಾಕಬಹುದಿತ್ತಲ್ಲ ಎನ್ನಿಸುತ್ತದೆ. ಕಮಲಾಪುರದ ಕೆಂಪುಬಾಳೆಯ ತೋಟದಂತಹ ಕಡೆ ಬೇಲಿಯ ಆಕಾರದ ಪ್ರಶ್ನೆಯೇ ಬೇರೆ. ಬಾಳೆಯ ಎಲೆಯನ್ನು ಸೀಳುವ ಗಾಳಿಯನ್ನು ತಡೆಯಬೇಕಾದ ಬೇಲಿ ಗೋಡೆಯಂತೆ ಗಟ್ಟಿಯಾಗಿರಬಾರದು. ಗಟ್ಟಿಯಾದರೆ ಗಾಳಿ ಅದನ್ನು ಹತ್ತಿ ಇಳಿದು ಆಚೆ ಸುಳಿಯಾಗಿ ಹೊಡೆಯುತ್ತದೆ. ಅರ್ಧ ಗಾಳಿ ನುಸುಳಿ ಅರ್ಧ ನಿಲ್ಲುವಂತೆ, ಒಳಟೊಂಗೆಗಳನ್ನು ಅಲ್ಲಲ್ಲಿ ತೆಗೆದು ಸಡಿಲವಾಗಿ, ಎತ್ತರವಾಗಿ ಬಿಡುವುದು ಅಲ್ಲಿನ ಕುಶಲತೆ. ಮನೆಯ ಬೇಲಿಗೆ ಸಮಮಾಡುವ ಕತ್ತರಿ, ತೋಟದ ಬೇಲಿಗೆ ಆರಿಸಿ ತೆಗೆಯುವ ಕುಡುಗೋಲು.

ಆ ಮುದುಕ ಮಾಲಿ ಕತ್ತರಿ ಆಡಿಸುವುದನ್ನು ಒಂದು ಮುಂಜಾನೆ ಕುಳಿತು ನೋಡಿದರೆ ಓದಿನಿಂದ ಬಾರದ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಮೊದಲು ಎರಡು ತುದಿಗೂ ಗೂಟ ನೆಟ್ಟು ಸುತಳಿ ಬಿಗಿದರು. ಸುತಳಿ ನಡುವಿನಲ್ಲಿ ಜೋಲದಂತೆ ಒಂದು ಕಡ್ಡಿಯ ಆಸರೆ ಕೊಟ್ಟರು. ಕತ್ತರಿಯ ಅಲಗನ್ನು ಸಾಣೆಕಲ್ಲಿಗೆ ತಿಕ್ಕಿ, ಸೀಮೆಎಣ್ಣೆಯ ಬಟ್ಟೆಯಿಂದ ಒರಸಿಕೊಂಡರು, ಹಿಂದಿನ ಮನೆಯ ಗಿಡದ ಅಂಟು ಈ ಮನೆಯ ಗಿಡಕ್ಕೆ ಬರಬಾರದೆಂದು. ಕತ್ತರಿ ಹಾಕುವ ಮುನ್ನ ಬೇಲಿಯನ್ನು ಒಂದು ಕಡೆಯಿಂದ ಕೈಯಿಂದ ಬಿಡಿಸಿ ನೋಡುತ್ತ ಹೋದರು. ಮಳೆಗಾಲದಲ್ಲಿ ಟುವ್ವಿ ಹಕ್ಕಿ ಎರಡು ಎಲೆಗಳನ್ನು ಸೇರಿಸಿ ಹೊಲಿದು ಮಾಡಿದ ಗೂಡು, ಪಿಕಳಾರದ ಬಟ್ಟಲಂತಹ ಗೂಡು, ಇವು ಎದೆಯೆತ್ತರದ ಬೇಲಿಯಲ್ಲಿಯೇ ಇರುತ್ತವೆ. ಗೂಡು ಕಂಡಲ್ಲಿ ಒಂದು ಬಟ್ಟೆಯ ಚೂರು ಕಟ್ಟಿ ಅಷ್ಟು ಜಾಗವನ್ನು ಬಿಟ್ಟುಬಿಡುತ್ತಾರೆ. ಹಾವಿಗಾಗಿ ಬುಡಕ್ಕೆ ಕೋಲು ಬಡಿಯುವುದೂ ಆಗಲೇ. ಆಮೇಲೆ ಸವರುವುದು ಕೆಳಗಿನಿಂದ ಮೇಲಕ್ಕೆ, ಉದುರಿದ ಎಲೆ ಇನ್ನೂ ಸವರಬೇಕಾದ ಜಾಗವನ್ನು ಮುಚ್ಚದಂತೆ. ಅಲಗು ಬೇಲಿಯ ಮುಖಕ್ಕೆ ಸಮಾನಾಂತರವಾಗಿ, ಒಂದು ಹಿಡಿ ನಿಶ್ಚಲವಾಗಿ, ಇನ್ನೊಂದು ಹಿಡಿ ಮಾತ್ರ ಆಡುವಂತೆ. ತಲೆಯನ್ನು ಎಲ್ಲಕ್ಕಿಂತ ಕಡೆಯಲ್ಲಿ. ದಾಸವಾಳ ಬಂದಾಗ ದೊಡ್ಡ ಕತ್ತರಿಯನ್ನು ಕೆಳಗಿಟ್ಟು ಕೈಕತ್ತರಿ ಹಿಡಿದರು, ದೊಡ್ಡ ಎಲೆಯನ್ನು ಅರ್ಧಕ್ಕೆ ಕತ್ತರಿಸಿದರೆ ಮರುದಿನ ಅದರ ಅಂಚು ಕಂದಿ ಬೇಲಿಯೆಲ್ಲ ಸುಟ್ಟಂತೆ ಕಾಣುವುದರಿಂದ. ಅದನ್ನು ಕಣ್ಣಿನ ಮೇಲ್ಗಡೆಗೆ, ಕಡ್ಡಿ ಕಡ್ಡಿಯಾಗಿ ಕೊಯ್ಯಬೇಕು. ಯಂತ್ರದ ಕತ್ತರಿ ಬಂದಿದೆಯಲ್ಲ, ತಕ್ಕೊಳ್ಳಬಾರದೇ ಎಂದದ್ದಕ್ಕೆ, "ಸರಕಾರಿ ತ್ವಾಟಕ್ಕ ಛಲೋ ಅದ ಸಾಹೇಬ್ರ, ಹಕ್ಕಿ ಅದಕ್ಕ ಕಾಣಂಗಿಲ್ಲ" ಎಂದರು.

ಕಾಲದ ವಿಷಯದಲ್ಲಿ ಅವರದು ಮಳೆಯ ಪಂಚಾಂಗ. ದೊಡ್ಡ ಕೊಯ್ತ ಮೃಗಶಿರ ಕಳೆದು ಆರಿದ್ರಾ ಹಿಡಿದಾಗ. ನೆಲದಲ್ಲಿ ತೇವವಿದ್ದು ಮೋಡ ಮುಚ್ಚಿರುವುದರಿಂದ ಗಾಯ ಬೇಗ ಮಾಯುತ್ತದೆ. ಮುಂದೆ ಪುಷ್ಯ, ಮಘಾ, ಉತ್ತರಾ ಮಳೆಗಳಲ್ಲಿ ತಿಂಗಳಿಗೊಂದು ಹಗುರ ಸವರಣೆ. ಸರ್ಕಾರದ ಹಬ್ಬಗಳು, ಅಂದರೆ ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1 ಇವು ಬೇಲಿಗೆ ಅನುಕೂಲವಾದ ದಿನಗಳಲ್ಲಿಯೇ ಬೀಳುವುದು ಕಚೇರಿಗಳ ತೋಟಗಳ ಸುದೈವ. ಹೋಳಿ ಕಳೆದು ಬರುವ ಶರಣಬಸವೇಶ್ವರ ಜಾತ್ರೆಯ ಮುಂಚೆ ವರ್ಷದ ಕಡೆಯ ಸವರಣೆ. ಅಲ್ಲಿಂದಾಚೆಗೆ ಮುಂಗಾರಿನವರೆಗೆ ಕತ್ತರಿ ಗೋಡೆಯ ಮೊಳೆಗೆ. ನಲವತ್ತೆರಡು ಡಿಗ್ರಿಯ ಬಿಸಿಲಿನಲ್ಲಿ ಹೊರಗಿನ ಹಳೆಯ ಎಲೆಯೇ ಒಳಗಿನ ಎಳೆಯ ಎಲೆಗೆ ನೆರಳು. ಅದನ್ನು ತೆಗೆದರೆ ಒಳಗಿರುವುದೆಲ್ಲ ಸೀಯುತ್ತದೆ. ಮದುವೆಯ ಲಗ್ನಗಳು ಮಾತ್ರ ಆ ಬಿಸಿಲಿನಲ್ಲಿಯೇ ಬರುತ್ತವೆ, ಮನೆಗೆ ಸುಣ್ಣ ಬಣ್ಣ ಮಾಡಿಸಿದವರು ಬೇಲಿಯನ್ನೂ ಚೊಕ್ಕ ಮಾಡಿಸಹೊರಡುತ್ತಾರೆ, ಮತ್ತು ಲಗ್ನವಾದ ಹದಿನೈದು ದಿನಕ್ಕೆ ಬೇಲಿಯ ಪಡುವಣ ಮುಖ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಬುಡ ಬೋಳಾಗಿಹೋದ ಹಳೆಯ ಬೇಲಿಯನ್ನು ಕಿತ್ತು ಹೊಸದನ್ನು ನೆಡಬೇಕೆಂಬ ಅಗತ್ಯವಿಲ್ಲ. ಮೆಹಂದಿ, ಡ್ಯುರಾಂಟ, ದಾಸವಾಳ, ಕಾಗದದ ಹೂವು, ಇವು ಹಳೆಯ ಕಟ್ಟಿಗೆಯಿಂದಲೂ ಚಿಗುರಬಲ್ಲವು. ಒಂದು ಮುಂಗಾರಿನಲ್ಲಿ ಒಂದು ಮುಖವನ್ನು ಮಾತ್ರ ಕಾಂಡದ ಹತ್ತಿರದವರೆಗೆ ಕೊಯ್ದು, ತಲೆಯನ್ನು ಒಂದಡಿ ಇಳಿಸಿ, ಗೊಬ್ಬರ ಕೊಟ್ಟು, ಇನ್ನೊಂದು ಮುಖವನ್ನು ಗಿಡದ ಊಟಕ್ಕೆಂದು ಹಾಗೆಯೇ ಬಿಡಬೇಕು. ಮರುವರ್ಷದ ಮುಂಗಾರಿಗೆ ಆ ಮುಖದ ಸರದಿ. ಎರಡೂ ಮುಖವನ್ನು ಒಂದೇ ಸಲ ಕೊಯ್ದರೆ ಹತ್ತರಲ್ಲಿ ಎರಡು ಮೂರು ಗಿಡಗಳಾದರೂ ಚೇತರಿಸಿಕೊಳ್ಳದೆ ಸಾಲು ಹಲ್ಲು ಬಿದ್ದಂತಾಗುತ್ತದೆ.

ಎರಡು ಮುಖವೆಂದಾಗ ನೆರೆಯವರ ಪ್ರಶ್ನೆ ಏಳುತ್ತದೆ. ಬೇಲಿಯ ಒಂದು ಮುಖ ನೆಟ್ಟವನದು, ಇನ್ನೊಂದು ಮುಖ ನಿಂತಿರುವುದು ನೆರೆಯವನ ಅಂಗಳದಲ್ಲಿ. ಶರಣಸಿರಸಗಿಯ ಹಳೆಯ ಓಣಿಗಳಲ್ಲಿ ಇದು ದೊಡ್ಡ ತೊಡಕಲ್ಲ. "ಕಾಕಾ, ನಿಮ್ಮ ಕಡಿ ಬ್ಯಾಲಿ ಹೊಡಿಲತ್ತೇವು" ಎಂದು ಒಂದು ಮಾತು ಹೇಳಿ ಒಳಗೆ ಹೋದರೆ, ಚಹಾ ಕುಡಿದು, ಸವರಿದ್ದನ್ನು ಆಡಿಗೆ ಹಾಕಿ ಬಂದದ್ದಾಗುತ್ತದೆ. ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದು ಗೇಟಿಗೆ ಬೀಗ ಬಿದ್ದಿರುತ್ತದೆ. ಆ ಮುಖ ವರ್ಷಗಟ್ಟಲೆ ಕತ್ತರಿ ಕಾಣದೆ ಹೊರಳಿ, ಗಿಡದ ಬಲವೆಲ್ಲ ಅತ್ತ ಹರಿದು, ಸವರಿಸಿಕೊಂಡ ಈ ಮುಖ ಬಡವಾಗುತ್ತ ಬರುತ್ತದೆ. ಆ ಮಾಲಿಗೆ ಇದು ತೋಟಗಾರಿಕೆಯ ಸಮಸ್ಯೆಯಾಗಿ ಕಾಣುವುದಿಲ್ಲ. ಅವರ ಲೆಕ್ಕ ನೇರವಾದುದು: "ಈ ಕಡಿದು ನೀವು ಕೊಡ್ತೀರಿ. ಆ ಕಡಿ ಹೊಡದ್ರ ರೊಕ್ಕ ಯಾರು ಕೊಡಾವ್ರು, ಅದ ಹೇಳ್ರಿ ಮೊದಲ." ಕೊಡುವವರು ಯಾರೆಂಬುದು ಇತ್ಯರ್ಥವಾಗುವವರೆಗೆ ಸುತಳಿ ಈ ಮಗ್ಗುಲಿಗೆ ಮಾತ್ರ ಬಿಗಿಯಲ್ಪಡುತ್ತದೆ.